ಫಿನ್ನಿಶ್‌ನಲ್ಲಿ ನೋವು ಕೇಳೋದು ಹೇಗೆ?

ನೋವನ್ನು ಥರ್ಮಾಮೀಟರ್ ಅಳೆಯಲ್ಲ, ರೋಗಿಯನ್ನೇ ಕೇಳಬೇಕು. 1995ರಲ್ಲಿ ಇಂಗ್ಲಿಷಿನಲ್ಲಿ ಬಂದ ‘ಪೇನ್ ಕೆಟಾಸ್ಟ್ರೊಫೈಸಿಂಗ್ ಸ್ಕೇಲ್’ 13 ಹೇಳಿಕೆ ಮುಂದಿಟ್ಟು, ನೋವು ಬಂದಾಗ ಮನಸ್ಸು ಎಷ್ಟು ಕೆಟ್ಟದ್ದನ್ನೇ ಊಹಿಸುತ್ತೆ ಅಂತ 52ಕ್ಕೆ ಅಂಕ ಹಾಕುತ್ತೆ.

ಇಂಥದ್ದನ್ನು ಫಿನ್ನಿಶ್‌ಗೆ ತರೋಕೆ ನಿಘಂಟು ಸಾಲದು. ಅಲ್ಲಿ ನೋವಿಗೆ ‘ಕಿಪು’ ಅಂತಾರೆ, ತಲೆನೋವು, ಹಲ್ಲುನೋವಿನಂಥದ್ದಕ್ಕೆ ‘ಸ್ಯಾರ್ಕ್ಯು’. ಪದ ತಪ್ಪಿದರೆ ಅಂಕವೂ ತಪ್ಪುತ್ತೆ. ಅದಕ್ಕೇ ಇಬ್ಬರು ಬೇರೆ ಬೇರೆಯಾಗಿ ಅನುವಾದಿಸಬೇಕು. ಮೂಲ ನೋಡದವರು ಅದನ್ನು ವಾಪಸ್ ಇಂಗ್ಲಿಷಿಗೆ ತಿರುಗಿಸಬೇಕು. ಆಮೇಲೆ ರೋಗಿಗಳ ಸರದಿ: ಕೆಲವು ದಿನ ಬಿಟ್ಟು ಮತ್ತೆ ತುಂಬಿಸಿದಾಗ, ನೋವು ಬದಲಾಗದಿದ್ದರೆ ಅಂಕವೂ ಹೆಚ್ಚುಕಮ್ಮಿ ಅಷ್ಟೇ ಇರಬೇಕು.

ನನ್ನ ತಕರಾರು ಹೆಸರಿನ ಮೇಲೆ. ‘ಕೆಟಾಸ್ಟ್ರೊಫೈಸಿಂಗ್’ ಅಂದ್ರೆ ಕಡ್ಡಿಯನ್ನು ಗುಡ್ಡ ಮಾಡೋದು. ಅಂಕ ಜಾಸ್ತಿ ಬಂದ ಬೆನ್ನುನೋವಿನ ಕಾರ್ಮಿಕನಿಗೆ ‘ಎಲ್ಲಾ ನಿನ್ನ ಭ್ರಮೆ’ ಅಂದುಬಿಡೋದು ಸುಲಭ. ನೋವು ನಿಜವೋ ಸುಳ್ಳೋ ಅಂತ ಈ ಪಟ್ಟಿ ಅಳೆಯೋದೇ ಇಲ್ಲ.