ಆಮ್ಲೆಟ್ಟಿಗೆ ಉಳ್ಳಾಗಡ್ಡಿ ಎಷ್ಟು?

ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಂಥ ಹಳ್ಳಿಯಿಂದ ಕಲಬುರಗಿಗೆ ಓದಲು ಬಂದು, ಬಾಡಿಗೆ ಕೋಣೆಯಲ್ಲಿ ಕೈಯಾರೆ ಅಡಿಗೆ ಮಾಡಿಕೊಳ್ಳುವವರು ನಿಮ್ಮಲ್ಲಿ ಹಲವರಿರಬಹುದು. ಇರುವುದು ಎರಡು ತತ್ತಿ, ಉಣ್ಣುವವರು ಇಬ್ಬರು. ಆಮ್ಲೆಟ್ ದೊಡ್ಡದಾಗಲೆಂದು ಉಳ್ಳಾಗಡ್ಡಿ, ಟೊಮೆಟೊ ಧಾರಾಳವಾಗಿ ಹೆಚ್ಚಿ ಹಾಕುತ್ತೀರಿ. ತಿರುವುವಾಗ ಅದು ಹರಿದು ಚೂರಾಗುತ್ತದೆ, ತವೆಯಲ್ಲಿ ನೀರು ನಿಲ್ಲುತ್ತದೆ. ಹೀಗೇಕೆ?

ಚಿಪ್ಪು ತೆಗೆದ ಒಂದು ತತ್ತಿ ಸುಮಾರು 50 ಗ್ರಾಂ ತೂಗುತ್ತದೆ. ಅದರಲ್ಲಿ ಮುಕ್ಕಾಲು ಭಾಗ ನೀರು. ಪ್ರೋಟೀನು ಸುಮಾರು 6 ಗ್ರಾಂ. ಹಸಿ ತತ್ತಿಯಲ್ಲಿ ಪ್ರೋಟೀನಿನ ಎಳೆಗಳು ನೂಲಿನ ಉಂಡೆಗಳಂತೆ ಸುತ್ತಿಕೊಂಡಿರುತ್ತವೆ. ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟಿದಂತೆ ಮೊದಲು ಬಿಳಿ ಭಾಗದಲ್ಲಿ, ಆಮೇಲೆ ಹಳದಿಯಲ್ಲಿ ಈ ಉಂಡೆಗಳು ಬಿಚ್ಚಿ ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ನೀರನ್ನೂ ಹೂರಣವನ್ನೂ ಹಿಡಿದಿಡುವುದು ಈ ಬಲೆಯೇ.

ಈಗ ಲೆಕ್ಕ ಹಾಕಿ. ಎರಡು ತತ್ತಿಯೆಂದರೆ 100 ಗ್ರಾಂ. ಅದರಲ್ಲಿ ಪ್ರೋಟೀನು 12 ಗ್ರಾಂ. ಇದಕ್ಕೆ 100 ಗ್ರಾಂ ಟೊಮೆಟೊ ಸೇರಿಸಿದರೆ ಒಟ್ಟು ತೂಕ 200 ಗ್ರಾಂ ಆಯಿತು, ಪ್ರೋಟೀನು ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಶೇಕಡಾ 12 ಇದ್ದದ್ದು 6ಕ್ಕೆ ಇಳಿಯಿತು. ಟೊಮೆಟೊದಲ್ಲಿ ಶೇಕಡಾ 94ರಷ್ಟು, ಉಳ್ಳಾಗಡ್ಡಿಯಲ್ಲಿ ಶೇಕಡಾ 89ರಷ್ಟು ನೀರಿದೆ. ಉಪ್ಪು ಬಿದ್ದೊಡನೆ ಆ ನೀರು ಹೊರಗೆ ಜಿನುಗುತ್ತದೆ. ಬಲೆ ತೆಳುವಾಗಿ ಹರಿಯುತ್ತದೆ.

“ಹೋಳಿಗೆಯಲ್ಲಿ ಕಣಕಕ್ಕಿಂತ ಹೂರಣವೇ ಹೆಚ್ಚಿರುತ್ತದಲ್ಲ?” ಎಂದು ನೀವು ಕೇಳಬಹುದು. ನಿಜ. ನಾದಿದ ಕಣಕದಲ್ಲಿ ಗ್ಲುಟೆನ್ ಎಂಬ ಜಿಗುಟು ಪ್ರೋಟೀನಿದೆ. ಅದು ರಬ್ಬರಿನಂತೆ ಹಿಗ್ಗುತ್ತದೆ. ಬೆಂದ ತತ್ತಿಗೆ ಆ ಗುಣವಿಲ್ಲ.

ಹಾಗಾದರೆ ಅಳತೆ ಯಾವುದು? ನಾನು ಅನುಸರಿಸುವುದು ಇದು: ಹೂರಣದ ತೂಕ ತತ್ತಿಯ ತೂಕದ ಅರ್ಧವನ್ನು ಮೀರಬಾರದು, ಟೊಮೆಟೊದಂಥ ನೀರಿನ ಪದಾರ್ಥವಾದರೆ ಮೂರನೆಯ ಒಂದು ಭಾಗ ಸಾಕು. ಎರಡು ತತ್ತಿಗೆ ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ ನಾಲ್ಕು ದೊಡ್ಡ ಚಮಚ. ಹೆಚ್ಚು ಬೇಕೆನಿಸಿದರೆ ಮೊದಲು ಎಣ್ಣೆಯಲ್ಲಿ ಹುರಿದು ನೀರನ್ನು ಇಂಗಿಸಿ. ಮಡಚುವ ಆಮ್ಲೆಟ್ಟಿಗಂತೂ ಹೂರಣ ಬೆಂದು ಬಿಸಿಯಾಗಿಯೇ ಇರಬೇಕು. ತಣ್ಣನೆಯ ಹೂರಣ ತುಂಬಿದರೆ ಹೊರಗೆ ಕೆಂಪಾದರೂ ಒಳಗಿನ ತತ್ತಿ ಹಸಿಯಾಗಿ ಉಳಿಯಬಹುದು. ಹಸಿ ತತ್ತಿಯಲ್ಲಿ ಸಾಲ್ಮೊನೆಲ್ಲಾ ರೋಗಾಣು ಇರುವ ಸಂಭವವುಂಟು.

ಇನ್ನೊಂದು ಮಾತು. ಉಳ್ಳಾಗಡ್ಡಿ ಹೆಚ್ಚಿಸಿದರೆ ತಟ್ಟೆ ತುಂಬುತ್ತದೆ, ಆದರೆ ನಿಮ್ಮಿಬ್ಬರ ಪಾಲಿನ ಪ್ರೋಟೀನು ತಲಾ 6 ಗ್ರಾಮಿಗಿಂತ ಹೆಚ್ಚೇನೂ ಆಗುವುದಿಲ್ಲ. ಆ ಕೊರತೆ ತುಂಬುವ ಪದಾರ್ಥ ನಿಮ್ಮೂರಿನ ಹೊಲದಲ್ಲೇ ಬೆಳೆಯುತ್ತದೆ: 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಲಬುರಗಿಯ ತೊಗರಿ. ಆಮ್ಲೆಟ್ ಚಿಕ್ಕದಾಗಿಯೇ ಇರಲಿ. ಜೋಳದ ರೊಟ್ಟಿಯ ಜೊತೆ ಒಂದು ಬಟ್ಟಲು ಗಟ್ಟಿ ತೊಗರಿ ಬೇಳೆ ಇಟ್ಟುಕೊಳ್ಳಿ.