ಬೀಜದೊಳಗಿನ ತುಪ್ಪ, ಮೈಗೆ ಹಚ್ಚುವ ಲೋಷನ್

ಬೇಸಿಗೆ ಬಂತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಪುನರ್ಪುಳಿ ಹಣ್ಣಾಗುತ್ತದೆ. ಸಿಪ್ಪೆ ಒಣಗಿ ಸಾರಿಗೆ, ಶರಬತ್ತಿಗೆ ಹೋಗುತ್ತದೆ. ಬೀಜಕ್ಕೆ ಮಾತ್ರ ಅಷ್ಟು ಬೆಲೆಯಿಲ್ಲ. ಚರ್ಮಕ್ಕೆ ಬೇಕಾದ ಜಿಡ್ಡು ಇರುವುದು ಆ ಬೀಜದಲ್ಲೇ. ಬೀಜ ಒಣಗಿಸಿ, ಒಡೆದು, ತಿರುಳನ್ನು ಕುಟ್ಟಿ ನೀರಿನಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ಅದನ್ನು ತೆಗೆದು ಆರಲು ಬಿಟ್ಟರೆ ಮಾಸಲು ಬಿಳಿಯ ಗಟ್ಟಿ ಉಂಡೆಯಾಗುತ್ತದೆ. ಪುನರ್ಪುಳಿಯನ್ನು ಮುರುಗಲು ಎನ್ನುವ ಉತ್ತರ ಕನ್ನಡದವರ ಮುರುಗಲ ತುಪ್ಪ ಇದೇ. ತೆಂಗಿನೆಣ್ಣೆ 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗಿದರೆ ಇದಕ್ಕೆ 40 ಡಿಗ್ರಿಯ ಹತ್ತಿರದ ಬಿಸಿ ಬೇಕು. ಹಾಗಾಗಿ ಒಡೆದ ಹಿಮ್ಮಡಿಗೆ ಹಚ್ಚಿದರೆ ಹರಿದುಹೋಗದೆ ನಿಲ್ಲುತ್ತದೆ, ಒಳಗಿನ ತೇವ ಆರದಂತೆ ಕಾಯುತ್ತದೆ.

ಉಂಡೆಯೇ ಇರುವಾಗ ಲೋಷನ್ ಯಾಕೆ ಎಂದು ಕೇಳಬಹುದು. ಹಿಮ್ಮಡಿಗೆ ಉಂಡೆ ಸಾಕು, ಮೈಗೆಲ್ಲ ಹಚ್ಚಲು ಅದು ತೀರಾ ಗಟ್ಟಿ. ಅದು ಇರುವ ತೇವವನ್ನು ಉಳಿಸೀತು, ಇಲ್ಲದ ತೇವವನ್ನು ಕೊಡಲಾರದು. ಲೋಷನ್ನಿನಲ್ಲಿ ನೀರು, ಲೋಳೆಸರದ ರಸ, ತೇವ ಹಿಡಿದಿಡುವ ಗ್ಲಿಸರಿನ್ ಜಿಡ್ಡಿನ ಜೊತೆ ಸೇರುತ್ತವೆ. ಎಣ್ಣೆ, ನೀರು ಬೇರ್ಪಡದಿರಲು ಎಮಲ್ಸಿಫೈಯರ್ ಹಾಕಿ, ಬಿಸಿಯಲ್ಲಿ ಬೆರೆಸಿ, ಆರುವ ತನಕ ಕಡೆಯಬೇಕು. ನೀರು ಸೇರಿದ ಮೇಲೆ ಬೂಷ್ಟು, ಬ್ಯಾಕ್ಟೀರಿಯಾಗಳಿಗೂ ದಾರಿಯಾಯಿತು. ಆದ್ದರಿಂದ ಮಿತ ಪ್ರಮಾಣದ ಸಂರಕ್ಷಕ ಬೇಕೇ ಬೇಕು. ಗಿಡಮೂಲಿಕೆಯ ಲೋಷನ್ನಿಗೆ ರಾಸಾಯನಿಕ ಯಾಕೆ ಎಂದು ಮುಖ ತಿರುಗಿಸುವವರು ಗೇರುಬೀಜದ ಸೊನೆಯನ್ನು ನೆನೆಯಲಿ. ಅದೂ ಮರದ್ದೇ, ಆದರೂ ತಾಗಿದರೆ ಚರ್ಮ ಸುಡುತ್ತದೆ. ಗಿಡದಿಂದ ಬಂದದ್ದೆಂಬ ಮಾತ್ರಕ್ಕೆ ಯಾವುದೂ ನಿರಪಾಯಕಾರಿಯಲ್ಲ. ಅದನ್ನು ನಂಬಲರ್ಹವಾಗಿಸುವುದು ಶುಚಿತ್ವ, ಅಳತೆ ಮತ್ತು ಪರೀಕ್ಷೆ.

ಮಾರುವುದಕ್ಕಾಗಿ ಲೋಷನ್ ತಯಾರಿಸಲು ಪರವಾನಗಿ ಬೇಕು. 2020ರ ಸೌಂದರ್ಯವರ್ಧಕ ನಿಯಮಗಳು ಅದನ್ನು ಕಡ್ಡಾಯ ಮಾಡಿವೆ. ಹಳ್ಳಿಯ ಮಹಿಳಾ ಸಂಘಗಳಿಗೆ ಇದು ಹೊರೆ ಎಂಬ ಆಕ್ಷೇಪ ಸುಳ್ಳಲ್ಲ. ಅದಕ್ಕೆ ನಿಯಮ ಸಡಿಲಿಸುವುದು ಉತ್ತರವಲ್ಲ, ಕೆಲಸ ಹಂಚಿಕೊಳ್ಳುವುದು ಉತ್ತರ. ಬೀಜ ಕೂಡಿಸಿ ತುಪ್ಪ ತೆಗೆಯುವುದು ಸಂಘಗಳ ಕೈಗೆಟುಕುವ ಕೆಲಸ. 1982ರಲ್ಲಿ ಆರಂಭವಾದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯಿಂದಾಗಿ ಬೆಳ್ತಂಗಡಿಯ ಹಳ್ಳಿಗಳಿಗೆ ಸಂಘಟನೆ ಹೊಸತಲ್ಲ. ಮೂಡುಬಿದಿರೆಯಲ್ಲಿ ಆಳ್ವಾಸ್ ಆಯುರ್ವೇದ ಕಾಲೇಜಿದೆ, ಉಜಿರೆಯಲ್ಲಿ ಎಸ್‌ಡಿಎಂ ಪ್ರಕೃತಿ ಚಿಕಿತ್ಸಾ ಕಾಲೇಜಿದೆ. ಸೂತ್ರ ರೂಪಿಸಿ ಪರೀಕ್ಷಿಸುವ ಹೊಣೆಯನ್ನು ಇಂಥ ಸಂಸ್ಥೆಗಳು ಹೊರಬಹುದು. ಕೊಳ್ಳುವವರೂ ಲೇಬಲ್ಲಿನ ಮೇಲೆ ಪರವಾನಗಿ ಸಂಖ್ಯೆ, ಘಟಕಾಂಶಗಳು, ಬಳಕೆಯ ಕೊನೆಯ ದಿನಾಂಕ ನೋಡಬೇಕು. ಮೊದಲು ಮೊಣಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ, ಒಂದು ದಿನ ಕಾದು, ತುರಿಕೆಯಿಲ್ಲದಿದ್ದರೆ ಮೈಗೆ ಬಳಸಿ. ಈ ಬೇಸಿಗೆಯಲ್ಲಿ ಪುನರ್ಪುಳಿಯ ಸಿಪ್ಪೆ ಒಣಗಿಸುವಾಗ ಬೀಜವನ್ನೂ ಎತ್ತಿಡಿ.