ದ್ರಾಕ್ಷಿಯ ಸೀಮೆಯಲ್ಲಿಯೂ ಹುಲ್ಲುಗಾವಲಿನಲ್ಲಿಯೂ ಒಂದು ದಿನದ ಸಂಚಾರ

(ರಿಪ್ಪನ್‌ಪೇಟೆಯ ವ್ಯವಸಾಯದ ಇನ್‌ಸ್ಪೆಕ್ಟರವರು ಬರೆದುದು)

ನಮ್ಮ ರಿಪ್ಪನ್‌ಪೇಟೆಯ ಸುತ್ತಣ ರೈತರು ಬಿಡುವಿನ ಕಾಲದಲ್ಲಿ ಪ್ರವಾಸ ಹೊರಡುವುದಾದರೆ ಸಾಮಾನ್ಯವಾಗಿ ಹುಂಚ, ಕುಂದಾದ್ರಿ, ಕೊಡಚಾದ್ರಿ, ಜೋಗ ಮುಂತಾದ ಸ್ಥಳಗಳಿಗೆ ಹೋಗುವರು. ಇವೆಲ್ಲವೂ ರಮಣೀಯವಾದುವೇ ಸರಿ. ಆದರೆ ಹೆಚ್ಚು ಮಳೆಯ ಸೀಮೆಯವರು ಕಡಮೆ ಮಳೆಯ ಸೀಮೆಯನ್ನು ಒಮ್ಮೆ ಕಂಡು ಬಂದರೆ, ಕಣ್ಣಿಗೆ ಆನಂದವಾಗುವುದಲ್ಲದೆ, ತಮ್ಮ ಜಮೀನನ್ನು ತಾವು ನೋಡುವ ದೃಷ್ಟಿಯೂ ಬದಲಾಗುವುದು. ಅಂತಹ ಒಂದು ಸಂಚಾರದ ಕ್ರಮವನ್ನೂ ಅದರಿಂದ ತಿಳಿಯತಕ್ಕ ಅಂಶಗಳನ್ನೂ ಇಲ್ಲಿ ವಿವರಿಸಲಾಗುವುದು.

ನಿಜವಾದ ಮರುಭೂಮಿಯು ನಮ್ಮ ನಾಡಿನಲ್ಲಿಲ್ಲ. ಅದಕ್ಕೆ ಸಮೀಪದ ದೃಶ್ಯವನ್ನು ಬಯಸುವವರು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲನ್ನು ನೋಡಬಹುದು. ದ್ರಾಕ್ಷಾರಸಕ್ಕೆ ಹೆಸರಾದ ತೋಟಗಳಾದರೋ ನಂದಿಬೆಟ್ಟದ ಬುಡದಲ್ಲಿ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ದೇವನಹಳ್ಳಿಗಳ ಕಡೆ ಇರುವುವು. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 300 ಅಂಗುಲ ಮಳೆಯಾದರೆ ಈ ಪ್ರಾಂತದಲ್ಲಿ 25ರಿಂದ 30 ಅಂಗುಲ ಮಾತ್ರ. ತಾಳಗುಪ್ಪದಿಂದ ಬರುವ ರಾತ್ರಿಯ ರೈಲಿನಲ್ಲಿ ಬೆಂಗಳೂರನ್ನು ಸೇರಿ, ಅಲ್ಲಿಂದ ಬಾಡಿಗೆಯ ವಾಹನದಲ್ಲಿ ಯಲಹಂಕ, ದೊಡ್ಡಬಳ್ಳಾಪುರ, ಗೌರಿಬಿದನೂರುಗಳ ಮಾರ್ಗವನ್ನು ಹಿಡಿದರೆ, ಒಂದೇ ಹಗಲಿನಲ್ಲಿ ಎರಡನ್ನೂ ನೋಡಿ ರಾತ್ರಿ ಹಿಂದಿರುಗಬಹುದು. ಜನವರಿಯ ಕೊನೆಯೂ ಫೆಬ್ರವರಿಯೂ ತಕ್ಕ ಕಾಲ. ಆಗ ಬಳ್ಳಿಯಲ್ಲಿ ಹಣ್ಣು ಮಾಗುತ್ತಿರುವುದು, ಹುಲ್ಲು ಹೊಂಬಣ್ಣಕ್ಕೆ ತಿರುಗಿರುವುದು.

ಬೆಳಗಿನ ಹೊತ್ತನ್ನು ದ್ರಾಕ್ಷಿಯ ತೋಟಗಳಿಗೆ ಮೀಸಲಿಡಬೇಕು. ಚಳಿದೇಶಗಳಲ್ಲಿ ದ್ರಾಕ್ಷಿಬಳ್ಳಿಯು ಚಳಿಗಾಲದಲ್ಲಿ ಎಲೆಯುದುರಿಸಿ ನಿದ್ರಿಸಿ, ವಸಂತದಲ್ಲಿ ಚಿಗುರುವುದು. ನಮ್ಮಲ್ಲಿ ಅದಕ್ಕೆ ನಿದ್ರೆಯೇ ಇಲ್ಲ. ಆದುದರಿಂದ ಕತ್ತರಿಯೇ ಅದಕ್ಕೆ ಋತುವನ್ನು ಗೊತ್ತುಮಾಡುವುದು. ಏಪ್ರಿಲ್ ಸುಮಾರಿನಲ್ಲಿ ಒಂದು ಸಲ ಸವರಿ ಹೊಸ ಕಡ್ಡಿಗಳಲ್ಲಿ ಫಲದ ಮೊಗ್ಗು ಕಟ್ಟುವಂತೆ ಮಾಡುವರು; ಅಕ್ಟೋಬರ್ ಸುಮಾರಿನಲ್ಲಿ ಎರಡನೆಯ ಸಲ ಸವರಿ ಹೂವು ಕಾಯಿಗಳನ್ನು ಹೊರಡಿಸುವರು. ಹೀಗೆ ಹಣ್ಣು ಮಳೆಯಿಲ್ಲದ ಕಾಲದಲ್ಲಿ ಮಾಗುವುದು. ಸುಮಾರು ಮೂರು ಸಾವಿರ ಅಡಿ ಎತ್ತರದ ಆ ನೆಲದಲ್ಲಿ ಹಗಲಿನ ಬಿಸಿಲು ಸಕ್ಕರೆಯನ್ನು ಕೂಡಿಸುವುದು, ರಾತ್ರಿಯ ತಂಪು ಹುಳಿಯನ್ನು ಕಾಪಾಡುವುದು. ಆ ಪ್ರಾಂತದ ಹಳೆಯ ಜಾತಿಯಾದ ಬೆಂಗಳೂರು ನೀಲಿಯು ದಪ್ಪ ಸಿಪ್ಪೆಯುಳ್ಳ, ಗಟ್ಟಿಮುಟ್ಟಾದ ಬಳ್ಳಿ. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚನೆಯ ಮನ್ನಣೆ ದೊರೆಯಿತು. ದ್ರಾಕ್ಷಾರಸಕ್ಕಾಗಿಯೇ ಫ್ರೆಂಚ್ ಜಾತಿಗಳನ್ನು ಬೆಳೆಯುವ ಗ್ರೋವರ್ ಸಂಸ್ಥೆಯ ತೋಟವು 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಪ್ರಾರಂಭವಾಯಿತು. 2007ರಲ್ಲಿ ಸರ್ಕಾರವು ದ್ರಾಕ್ಷಾರಸಕ್ಕೆ ಪ್ರತ್ಯೇಕವಾದ ನೀತಿಯನ್ನು ಹೊರಡಿಸಿತು. ಪಾನೀಯದ ಗುಣದೋಷಗಳು ಇಲ್ಲಿ ನಮ್ಮ ವಿಷಯವಲ್ಲ. ಬೇಸಾಯದ ಕ್ರಮವನ್ನು ಮಾತ್ರ ನೋಡತಕ್ಕದ್ದು.

ಅಡಕೆಯ ಬೆಳೆಗಾರರಿಗೆ ಈ ಬಳ್ಳಿಯೊಡನೆ ಒಂದು ಹಳೆಯ ಸಂಬಂಧವುಂಟು. ಕೊಳೆರೋಗಕ್ಕೆ ನಾವು ಸಿಂಪಡಿಸುವ ಬೋರ್ಡೋ ದ್ರಾವಣವು ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿತೋಟಗಳಲ್ಲಿ ಹುಟ್ಟಿದುದು. ದಾರಿಹೋಕರು ಹಣ್ಣನ್ನು ಕದಿಯದಿರಲೆಂದು ಅಲ್ಲಿಯ ರೈತರು ರಸ್ತೆಯಂಚಿನ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣವನ್ನು ಎರಚುತ್ತಿದ್ದರು. ಹಾಗೆ ಎರಚಿದ ಬಳ್ಳಿಗಳಿಗೆ ಬೂಜುರೋಗವು ತಗಲದಿದ್ದುದನ್ನು ಮಿಲ್ಲಾರ್ಡೆ ಎಂಬ ಪಂಡಿತರು ಗಮನಿಸಿ, 1885ರಲ್ಲಿ ಅದರ ಪ್ರಯೋಜನವನ್ನು ಪ್ರಕಟಿಸಿದರು. ಮೈಸೂರಿನ ವ್ಯವಸಾಯ ಇಲಾಖೆಯ ಡಾಕ್ಟರ್ ಲೆಸ್ಲಿ ಕೋಲ್ಮನ್ನರು 1910ರ ಸುಮಾರಿನಲ್ಲಿ ಅದನ್ನೇ ಮಲೆನಾಡಿನ ಅಡಕೆಯ ಗೊನೆಗಳಿಗೆ ಹೊಂದಿಸಿಕೊಟ್ಟರು. ದ್ರಾಕ್ಷಿಯ ತೋಟದಲ್ಲಿ ನಿಂತಾಗ ನಮ್ಮವರು ಈ ಋಣವನ್ನು ನೆನೆಯಬೇಕು.

ನೀರಿನ ವಿಷಯವನ್ನೂ ವಿಚಾರಿಸಿ ತಿಳಿಯತಕ್ಕದ್ದು. ಚಿಕ್ಕಬಳ್ಳಾಪುರದ ಕಡೆ ಕೊಳವೆಬಾವಿಗಳು ಸಾವಿರ ಅಡಿಗಳನ್ನೂ ಮೀರಿ ಇಳಿದಿರುವುವು. ತೊಟ್ಟಿಕ್ಕುವ ನೀರಾವರಿಯಿಂದ ಬುಡಬುಡಕ್ಕೆ ಅಳೆದು ನೀರುಣಿಸುವರು. ಅನೇಕರು ಬರವನ್ನು ತಾಳುವ ಡಾಗ್‌ರಿಡ್ಜ್ ಎಂಬ ಬೇರುಗಿಡದ ಮೇಲೆ ಕಸಿಕಟ್ಟುವರು. ಅಷ್ಟು ಜಾಗ್ರತೆಯಿಂದಲೇ ಆ ತೋಟಗಳು ನಿಂತಿರುವುವು.

ಮಧ್ಯಾಹ್ನದ ಮೇಲೆ ಗೌರಿಬಿದನೂರನ್ನು ದಾಟಿ ಮೈದನಹಳ್ಳಿಗೆ ಹೋಗಬೇಕು. ಬಂಡೆಗುಡ್ಡಗಳ ನಡುವೆ ಬಯಲು ತೆರೆದುಕೊಳ್ಳುವುದು. ಇದು 2007ರಲ್ಲಿ ಸರ್ಕಾರದಿಂದ ಘೋಷಿತವಾದ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶ. ವಿಸ್ತೀರ್ಣ 798 ಎಕರೆ. ಕೃಷ್ಣಮೃಗವು ಕಾಡಿನೊಳಗೆ ಅಡಗಿ ಬದುಕುವ ಪ್ರಾಣಿಯಲ್ಲ. ದೂರದಿಂದಲೇ ಶತ್ರುವನ್ನು ಕಂಡು ಓಟದಿಂದ ಪಾರಾಗುವುದು. ಆದುದರಿಂದ ಅದಕ್ಕೆ ಮರಗಳಿಲ್ಲದ ಬಯಲೇ ಮನೆ. ಮರಿಗಳನ್ನು ಮಾತ್ರ ಹುಲ್ಲಿನ ಮರೆಯಲ್ಲಿ ಮಲಗಿಸಿಡುವುದು. ಆ ಹುಲ್ಲಾದರೋ ಬೇಸಗೆಯಲ್ಲಿ ಸತ್ತಂತೆ ತೋರಿದರೂ ನೆಲದೊಳಗೆ ಬೇರಿನ ಜಾಲವು ಜೀವದಿಂದಿದ್ದು, ಮಣ್ಣನ್ನು ಬಿಗಿಹಿಡಿದು, ಮೊದಲ ಮಳೆಗೆ ಮತ್ತೆ ಚಿಗುರುವುದು. ಇಪ್ಪತ್ತೈದು ಅಂಗುಲ ಮಳೆಯಲ್ಲಿ ಗೊಬ್ಬರ, ನೀರು, ಉಳುಮೆ ಒಂದನ್ನೂ ಬೇಡದೆ ಪ್ರತಿವರ್ಷವೂ ಬರುವ ಬೆಳೆ ಇದೊಂದೇ.

ಇಂತಹ ನೆಲವನ್ನು ಬಹುಕಾಲ ಬಂಜರೆಂದು ಕರೆದು ಅದರಲ್ಲಿ ನೀಲಗಿರಿಯ ಮರಗಳನ್ನು ನೆಟ್ಟರು. ಮೈದನಹಳ್ಳಿಯ ಸುತ್ತಲೂ ಆ ನೆಡುತೋಪುಗಳು ಇಂದಿಗೂ ಕಾಣುವುವು. ಆ ಮರದ ಚರಿತ್ರೆಯೂ ಬೆಳಿಗ್ಗೆ ನಾವು ಬಿಟ್ಟುಬಂದ ನಂದಿಬೆಟ್ಟದಲ್ಲಿಯೇ ಮೊದಲಾಗುವುದು. 1790ರ ಸುಮಾರಿನಲ್ಲಿ ಟಿಪ್ಪು ಸುಲ್ತಾನನು ಅಲ್ಲಿಯ ತನ್ನ ಉದ್ಯಾನದಲ್ಲಿ ಅದನ್ನು ನೆಡಿಸಿದನೆಂದು ಹೇಳುವರು. ನೀಲಗಿರಿಯ ಹೊಸ ನೆಡುವಿಕೆಯನ್ನು 2017ರಲ್ಲಿ ಸರ್ಕಾರವು ನಿಷೇಧಿಸಿತು.

ಈ ಮಾತನ್ನು ಬರೆಯುವಾಗ ನನ್ನ ತಪ್ಪೊಂದನ್ನು ಮುಚ್ಚಿಡಲಾರೆನು. ಸೇವೆಗೆ ಸೇರಿದ ಹೊಸದರಲ್ಲಿ ನಮ್ಮ ಹೋಬಳಿಯ ಒಂದು ಬ್ಯಾಣವನ್ನು ನೋಡಿ, ಅದನ್ನು ನಿರುಪಯುಕ್ತವಾದ ನೆಲವೆಂದು ವರದಿಯಲ್ಲಿ ಬರೆದು, ಅಕೇಶಿಯ ನೆಡಬಹುದೆಂದು ಸಲಹೆಯಿತ್ತೆನು. ಸಲಹೆಯು ನಡೆಯಿತು, ಮರಗಳೂ ಬೆಳೆದುವು. ಆ ಬ್ಯಾಣದ ಕರಡದಿಂದ ದನಗಳನ್ನು ಸಾಕುತ್ತಿದ್ದವರು ಈಗ ಬಯಲುಸೀಮೆಯಿಂದ ಲಾರಿಯಲ್ಲಿ ಬರುವ ಹುಲ್ಲನ್ನು ಹಣಕೊಟ್ಟು ಕೊಳ್ಳುತ್ತಿರುವರು. ಕೆಲವರು ದನಗಳನ್ನೇ ಮಾರಿದರು, ತೋಟಕ್ಕೆ ಗೊಬ್ಬರವೂ ತಪ್ಪಿತು. ಅವರಲ್ಲೊಬ್ಬರು ಹೋದ ಫೆಬ್ರವರಿಯಲ್ಲಿ ನನ್ನೊಡನೆ ಮೈದನಹಳ್ಳಿಗೆ ಬಂದಿದ್ದರು. ಬಯಲಿನಂಚಿನಲ್ಲಿ ಬಾಗಿ ಒಂದು ಹಿಡಿ ಹುಲ್ಲನ್ನು ಕಿತ್ತು ಮೂಸಿ ನೋಡಿ, ಏನನ್ನೂ ಹೇಳದೆ ನನ್ನ ಕೈಗಿತ್ತರು. ನಾನೂ ಏನನ್ನೂ ಹೇಳಲಾರದೆ ಹೋದೆನು.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಅನೇಕ ಗ್ರಾಮಗಳಲ್ಲಿ ಬ್ಯಾಣಗಳೂ ಹುಲ್ಲುಬನ್ನಿಗಳೂ ಇನ್ನೂ ಸ್ವಲ್ಪ ಉಳಿದಿರುವುವು. ಶುಂಠಿಗೆಂದೋ ಮರಕ್ಕೆಂದೋ ಅವನ್ನು ಅಗೆಯುವ ಮೊದಲು ಗ್ರಾಮಸ್ಥರು ಮೂರು ವಿಷಯಗಳನ್ನು ಲೆಕ್ಕಹಾಕತಕ್ಕದ್ದು: ಆ ನೆಲದಿಂದ ವರ್ಷಕ್ಕೆ ಎಷ್ಟು ಹೊರೆ ಹುಲ್ಲು ದೊರೆಯುವುದು, ಎಷ್ಟು ದನಗಳು ಅದರಿಂದ ಬದುಕುವುವು, ಅಷ್ಟು ಹುಲ್ಲನ್ನೂ ಗೊಬ್ಬರವನ್ನೂ ಕೊಳ್ಳುವುದಾದರೆ ಎಷ್ಟು ಹಣ ಬೇಕಾಗುವುದು. ಈ ಲೆಕ್ಕವನ್ನು ಮಾಡಿದ ಮೇಲೆ ಬಂಜರೆಂಬ ಮಾತನ್ನು ಆಡುವವರು ವಿರಳ.

ಸಂಚಾರ ಹೊರಡುವವರಿಗೆ ಕೆಲವು ಸೂಚನೆಗಳು: ತೋಟದ ಮಾಲೀಕರ ಅಪ್ಪಣೆಯನ್ನು ಮುಂಚಿತವಾಗಿ ಪಡೆಯಬೇಕು. ಹುಲ್ಲುಗಾವಲಿಗೆ ಅರಣ್ಯ ಇಲಾಖೆಯವರ ಅನುಮತಿಯಿಂದ ಹೋಗಿ, ದಾರಿ ಬಿಟ್ಟು ವಾಹನವನ್ನು ನಡೆಸಬಾರದು, ಬೆಂಕಿಕಡ್ಡಿಯನ್ನು ಗೀರಲೇಬಾರದು. ಮೃಗಗಳನ್ನು ಅಟ್ಟಬಾರದು. ಕುಡಿಯುವ ನೀರನ್ನೂ ತಲೆಗೆ ವಸ್ತ್ರವನ್ನೂ ಒಯ್ಯಬೇಕು. ಹೊತ್ತು ಇಳಿದ ಮೇಲೆ ಮೃಗಗಳು ಮೇಯಲು ಹೊರಡುವುವಾದ್ದರಿಂದ, ಸಂಜೆಯವರೆಗೆ ಕಾದು ನೋಡಿ ಬರುವುದು ಉತ್ತಮ.